ಹದಿನೈದು ಪ್ರಶ್ನೆಗಳಿಗೆ ಕೇಳಿಸದ ಮಾತು: ಹಿರಿಯರ ಖಿನ್ನತೆಯನ್ನು ಅಳೆಯುವ ಬಗೆ

ಮಾನ್ಯ ಅಧ್ಯಕ್ಷರೇ, ಈ ದತ್ತಿಯನ್ನು ಇಟ್ಟ ಮನೆಯ ಹಿರಿಯರೇ, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಯ ಕಡೆಯಿಂದ ಬಂದು ಕುಳಿತಿರುವ ಬಂಧುಗಳೇ,

ಅರವತ್ತು ದಾಟಿದವರಲ್ಲಿ ಎಷ್ಟು ಜನಕ್ಕೆ ಖಿನ್ನತೆಯಿದೆ? ಈ ಪ್ರಶ್ನೆಗೆ ನಮ್ಮ ದೇಶದ ಒಂದೇ ಸಮೀಕ್ಷೆ ಮೂರು ಉತ್ತರ ಕೊಟ್ಟಿದೆ. ಲಾಸಿ ಎಂಬ ಚುಟುಕು ಹೆಸರಿನ ಆ ಸಮೀಕ್ಷೆಯನ್ನು ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇತರ ಸಂಸ್ಥೆಗಳ ಜೊತೆಗೂಡಿ ನಡೆಸುತ್ತಿದೆ. ಮೊದಲ ಸುತ್ತು 2017–18ರದ್ದು. 45 ತುಂಬಿದವರು, ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಅವರಲ್ಲಿ 31,000ಕ್ಕೂ ಹೆಚ್ಚು ಜನ 60 ದಾಟಿದವರು. ‘ನಿಮಗೆ ಖಿನ್ನತೆ ಇದೆ ಎಂದು ವೈದ್ಯರು ಯಾವತ್ತಾದರೂ ಹೇಳಿದ್ದಾರೆಯೇ’ ಎಂದು ಕೇಳಿದಾಗ ಹೌದೆಂದ ಹಿರಿಯರು ನೂರಕ್ಕೆ ಒಬ್ಬರೂ ಇಲ್ಲ, ಶೇ. 0.8. ರೋಗಲಕ್ಷಣಗಳನ್ನು ಒಂದೊಂದಾಗಿ ಕೇಳುವ ಕಿರು ಸಂದರ್ಶನದಲ್ಲಿ ಅದು ಶೇ. 8.3 ಆಯಿತು. ಕಳೆದ ವಾರ ಮನಸ್ಸು ಹೇಗಿತ್ತು ಎಂದು ವಿಚಾರಿಸುವ ಹತ್ತು ಪ್ರಶ್ನೆಗಳ ಮಾಪಕದಲ್ಲಿ ಶೇ. 30ರ ಆಸುಪಾಸಿಗೆ ಹೋಯಿತು.

ಮೂರೂ ಒಂದೇ ಸಂಗತಿಯನ್ನು ಅಳೆಯುವುದಿಲ್ಲ, ನಿಜ. ಮೊದಲನೆಯದು ಚಿಕಿತ್ಸೆಯ ಬಾಗಿಲವರೆಗೆ ಎಷ್ಟು ಜನ ಹೋದರು ಎಂಬುದನ್ನು ಹೇಳುತ್ತದೆ. ಎರಡನೆಯದು ಕಾಯಿಲೆಯ ಮಟ್ಟಕ್ಕೆ ಬೆಳೆದ ಸಂಕಟವನ್ನು ಹುಡುಕುತ್ತದೆ. ಮೂರನೆಯದು ಅದಕ್ಕಿಂತ ಸಣ್ಣ ದುಗುಡವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದರೂ ಎಂಟಕ್ಕೂ ಮೂವತ್ತಕ್ಕೂ ನಡುವಿನ ಅಂತರ ಇಷ್ಟರಿಂದಲೇ ಮುಚ್ಚುವುದಿಲ್ಲ. ಪ್ರಶ್ನೆ ಕೇಳಿದ ರೀತಿ, ಕೇಳಿದವರ ವಯಸ್ಸು, ಪಕ್ಕದಲ್ಲಿ ಕುಳಿತವರು ಯಾರು, ಉತ್ತರ ಕೊಡುವವರಿಗೆ ಯಾವ ಮಾತು ಮರ್ಯಾದೆಯದು, ಯಾವುದು ಅಲ್ಲ, ಇವೆಲ್ಲ ಆ ಅಂತರದೊಳಗೆ ಸೇರಿಕೊಂಡಿವೆ ಎಂಬುದು ನನ್ನ ದೃಢವಾದ ನಂಬಿಕೆ. ರಕ್ತದೊತ್ತಡ ನೋಡುವ ಪಟ್ಟಿಯನ್ನು ಕ್ಯಾಲಿಫೋರ್ನಿಯದವರ ತೋಳಿಗೆ ಸುತ್ತಿದರೂ ಬಸವೇಶ್ವರನಗರದವರ ತೋಳಿಗೆ ಸುತ್ತಿದರೂ ಅದು ಒಂದೇ ತರಹ ಬಿಗಿಯುತ್ತದೆ. ಪ್ರಶ್ನೆ ಹಾಗಲ್ಲ. ಅದನ್ನು ಕೇಳಿದ ಮನೆ ಬೇರೆಯಾದರೆ ಪ್ರಶ್ನೆಯೇ ಬೇರೆಯಾಗುತ್ತದೆ.

ಹಿರಿಯರಿಗೆಂದೇ ಮಾಡಿದ ಮಾಪಕಗಳಲ್ಲಿ ಲೋಕದಲ್ಲೆಲ್ಲ ಬಳಕೆಯಲ್ಲಿರುವುದು ಜೀರಿಯಾಟ್ರಿಕ್ ಡಿಪ್ರೆಷನ್ ಸ್ಕೇಲ್. 1980ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜೆರೋಮ್ ಯೆಸಾವೇಜ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಮೊದಲಿಗೆ 30 ಪ್ರಶ್ನೆ. 1986ರಲ್ಲಿ 15 ಪ್ರಶ್ನೆಗಳ ಕಿರುರೂಪ ಬಂತು. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದರೆ ಸಾಕು. ಅವರ ಉದ್ದೇಶದ ಬಗ್ಗೆ ನನಗೆ ಗೌರವವಿದೆ. ಅದಕ್ಕೆ ಮುಂಚಿನ ಮಾಪಕಗಳು (1960ರ ಹ್ಯಾಮಿಲ್ಟನ್, 1961ರ ಬೆಕ್, 1965ರ ಝುಂಗ್) ನಿದ್ದೆ, ಹಸಿವು, ಸುಸ್ತುಗಳನ್ನು ಖಿನ್ನತೆಯ ಗುರುತುಗಳೆಂದು ಎಣಿಸುತ್ತಿದ್ದವು. ಎಪ್ಪತ್ತರ ವಯಸ್ಸಿನಲ್ಲಿ ನಿದ್ದೆ ಕಡಿಮೆಯಾಗುವುದು, ಮಂಡಿ ನೋಯುವುದು ಖಿನ್ನತೆಯಿಲ್ಲದೆಯೂ ಆಗುತ್ತದೆ. ಹಾಗಾಗಿ ದೇಹದ ಪ್ರಶ್ನೆಗಳನ್ನು ಬಹುಮಟ್ಟಿಗೆ ತೆಗೆದು ಮನಸ್ಸಿನ ಪ್ರಶ್ನೆಗಳನ್ನು ಇಟ್ಟರು. ಈ ಮಾಪಕದ ಕನ್ನಡ ರೂಪವನ್ನು ಜನರ ನಡುವೆಯೇ ಪರೀಕ್ಷಿಸಿ ನೋಡಿದ ವರದಿಯೂ 2019ರಲ್ಲಿ ‘ಜರ್ನಲ್ ಆಫ್ ಜೀರಿಯಾಟ್ರಿಕ್ ಮೆಂಟಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅಂಥ ಕೆಲಸ ಮಾಡಿದವರ ಶ್ರಮ ದೊಡ್ಡದು. ನಾನು ಕೇಳುತ್ತಿರುವುದು ಅದರ ಮುಂದಿನ ಪ್ರಶ್ನೆಯನ್ನು.

15 ಪ್ರಶ್ನೆಗಳ ಆ ಪಟ್ಟಿಯನ್ನು ಕೈಗೆತ್ತಿಕೊಂಡು ಸುಮ್ಮನೆ ಒಂದು ಲೆಕ್ಕ ಮಾಡಿ. ಹತ್ತು ಪ್ರಶ್ನೆಗಳಿಗೆ ‘ಹೌದು’ ಎಂದರೆ ಅಂಕ ಬರುತ್ತದೆ; ಉಳಿದ ಐದಕ್ಕೆ ‘ಇಲ್ಲ’ ಎಂದರೆ ಅಂಕ. ಸಾಮಾನ್ಯವಾಗಿ ಐದು ದಾಟಿದರೆ ಖಿನ್ನತೆಯ ಅನುಮಾನ. ಈಗ ಒಬ್ಬ ಅಜ್ಜಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಿವಿ ಸ್ವಲ್ಪ ಮಂದ. ಕೈಯಲ್ಲಿ ಕಾಗದ ಹಿಡಿದು ಬಂದ ಹುಡುಗಿ ಮೊಮ್ಮಗಳ ವಯಸ್ಸಿನವಳು, ಓದಿದವಳು, ಸರ್ಕಾರದ ಕಡೆಯವಳಿರಬೇಕು. ಅವಳು ಕೇಳಿದ್ದಕ್ಕೆಲ್ಲ ಅಜ್ಜಿ ‘ಹ್ಞೂಂ ಕಣವ್ವ’ ಅನ್ನುತ್ತಾಳೆ. ಅಂಕ ಹತ್ತು, ಖಿನ್ನತೆಯ ಪಟ್ಟಿಗೆ ಸೇರಿದಳು. ಪಕ್ಕದ ಮನೆಯ ತಾತ ಯಾವುದಕ್ಕೂ ಸಿಕ್ಕಿಕೊಳ್ಳಬಾರದೆಂದು ಎಲ್ಲದಕ್ಕೂ ‘ಇಲ್ಲ, ಇಲ್ಲ’ ಅಂದುಬಿಡುತ್ತಾನೆ. ಅಂಕ ಐದು, ಗಡಿಯ ಮೇಲೆ ನಿಂತ. ಇಬ್ಬರ ಮನಸ್ಸಿನೊಳಗೆ ಏನಿತ್ತು ಎಂಬುದು ಯಾರಿಗೂ ತಿಳಿಯಲಿಲ್ಲ. ಹಿರಿಯರು ಕಿರಿಯರಿಗೆ, ಬಡವರು ಕಾಗದ ಹಿಡಿದವರಿಗೆ ಹೇಗೆ ಉತ್ತರಿಸುತ್ತಾರೆ ಎಂಬ ನಮ್ಮ ಸಮಾಜದ ರೂಢಿಯೊಂದೇ ಆ ಕಾಗದದ ಮೇಲೆ ದಾಖಲಾಯಿತು.

ಪ್ರಶ್ನೆಗಳನ್ನೇ ಒಂದೆರಡು ನೋಡೋಣ. ಹೊರಗೆ ಹೋಗಿ ಹೊಸದೇನನ್ನಾದರೂ ಮಾಡುವುದಕ್ಕಿಂತ ಮನೆಯಲ್ಲಿರುವುದೇ ಇಷ್ಟವೇ ಎಂಬುದು ಒಂದು. ಕೆಂಗೇರಿ ಉಪನಗರದಲ್ಲಿ ಮಂಡಿನೋವಿನ ತಾಯಿಯೊಬ್ಬರಿಗೆ ಮನೆಯ ಗೇಟಿನ ಹೊರಗೆ ಕಾಲಿಟ್ಟರೆ ಒಡೆದ ಫುಟ್‌ಪಾತು, ಅದರಾಚೆ ಮೈಸೂರು ರಸ್ತೆಯ ವಾಹನಗಳು. 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿಗೆ ಬಂತು. ಆದರೆ ನಿಲ್ದಾಣದವರೆಗೆ ನಡೆಯುವುದು ಅವರಿಗೆ ಆಗದ ಮಾತು. ‘ಮನೇಲೇ ಇದ್ರೆ ವಾಸಿ’ ಅನ್ನುತ್ತಾರೆ. ಅದು ಅವರ ಮಂಡಿಯ, ರಸ್ತೆಯ ಮಾತು. ರಾಜಾಜಿನಗರದ ಇನ್ನೊಬ್ಬ ತಾಯಿ ಪ್ರತಿದಿನ ಬೆಳಿಗ್ಗೆ ರಾಮಮಂದಿರಕ್ಕೆ ಹೋಗುತ್ತಾರೆ, ಭಜನೆಯಲ್ಲಿ ಕೂರುತ್ತಾರೆ, ದಾರಿಯಲ್ಲಿ ನಾಲ್ಕು ಮನೆಯವರನ್ನು ವಿಚಾರಿಸಿಕೊಂಡು ಬರುತ್ತಾರೆ. ಅವರ ಲೆಕ್ಕದಲ್ಲಿ ಅದು ನಿತ್ಯದ ಕೆಲಸ, ‘ಹೊರಗೆ ಹೋಗಿ ಹೊಸದು ಮಾಡುವುದು’ ಅಲ್ಲ. ಅವರ ಉತ್ತರವೂ ‘ಮನೆಯೇ ಸಾಕು’.

ಆಸಕ್ತಿಗಳನ್ನು, ಚಟುವಟಿಕೆಗಳನ್ನು ಬಿಟ್ಟುಬಿಟ್ಟಿದ್ದೀರಾ ಎಂಬುದು ಇನ್ನೊಂದು. ಕೊನೆಯ ಮಗಳ ಮದುವೆಯಾದ ಮೇಲೆ ಬೀಗದ ಕೈ ಗೊಂಚಲನ್ನು ಸೊಸೆಗೆ ಕೊಟ್ಟು, ಒಪ್ಪೊತ್ತು ಉಂಡು, ಜಪಮಣಿಯನ್ನೋ ಇಷ್ಟಲಿಂಗವನ್ನೋ ಹಿಡಿದು ಕೂರುವುದು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಂದು ಘನತೆಯ ಹಂತ. ಬಿಟ್ಟದ್ದಕ್ಕೆ ಅವರಿಗೆ ಹೆಮ್ಮೆಯಿರುತ್ತದೆ. ಅದೇ ಪ್ರಶ್ನೆಗೆ ಬಿನ್ನಿ ಮಿಲ್ಲಿನಲ್ಲಿ ದುಡಿದವನ ಹೆಂಡತಿ, ಬದುಕಿಡೀ ಮನೆಗೆಲಸ ಮಾಡುತ್ತಾ ಊದುಬತ್ತಿ ಹೊಸೆದವಳು, ‘ನಂದೇನವ್ವ ಬಿಡೋಕೆ ಇತ್ತು’ ಎಂದು ತಿರುಗಿ ಕೇಳಬಹುದು. ಆಸಕ್ತಿ ಎಂಬುದಕ್ಕೆ ಬಿಡುವು ಬೇಕು, ಕೈಯಲ್ಲಿ ನಾಲ್ಕು ಕಾಸು ಬೇಕು, ಮನೆಯವರ ಒಪ್ಪಿಗೆ ಬೇಕು. ಅವು ಮೂರೂ ಇಲ್ಲದವಳಿಗೆ ಈ ಪ್ರಶ್ನೆಯನ್ನು ಬರೆದೇ ಇಲ್ಲ. ಪಕ್ಷಪಾತ ಅಮೆರಿಕಕ್ಕೂ ಭಾರತಕ್ಕೂ ನಡುವೆ ಮಾತ್ರ ಇರುವುದಲ್ಲ. ನಮ್ಮ ನಮ್ಮೊಳಗೆ, ಗಂಡಿಗೂ ಹೆಣ್ಣಿಗೂ, ಪಿಂಚಣಿ ಬರುವವರಿಗೂ ಬಾರದವರಿಗೂ ನಡುವೆ ಇದೆ.

ಸಂತೋಷದ ಪ್ರಶ್ನೆಗಳಂತೂ ಬೇರೆಯದೇ ಕಥೆ. ಲಾಸಿಯಲ್ಲಿ ಬಳಸಿದ ಹತ್ತು ಪ್ರಶ್ನೆಗಳ ಮಾಪಕದ ಮೂಲ 1977ರಲ್ಲಿ ಅಮೆರಿಕದ ಲೆನೋರ್ ರ್ಯಾಡ್ಲಾಫ್ ಪ್ರಕಟಿಸಿದ 20 ಪ್ರಶ್ನೆಗಳ ಪಟ್ಟಿ. ಅದರಲ್ಲಿ ಕೆಲವು ಸಂತೋಷವನ್ನು, ಮುಂದಿನ ದಿನಗಳ ಭರವಸೆಯನ್ನು ಕೇಳುತ್ತವೆ. ಇಲ್ಲವೆಂದರೆ ಖಿನ್ನತೆಯ ಅಂಕ ಏರುತ್ತದೆ. ಜಪಾನಿನಲ್ಲಿ ಇವಾಟಾ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿದ್ದು ಇದನ್ನೇ: ದುಃಖದ ಪ್ರಶ್ನೆಗಳಿಗೆ ಜಪಾನಿನವರ ಉತ್ತರ ಅಮೆರಿಕದವರ ಉತ್ತರಕ್ಕೆ ಹತ್ತಿರವಿತ್ತು, ಸಂತೋಷದ ಪ್ರಶ್ನೆಗಳಲ್ಲಿ ಮಾತ್ರ ಅವರು ಹಿಂಜರಿದರು. ತಮ್ಮ ಸುಖವನ್ನು ತಾವೇ ಸಾರಿಕೊಳ್ಳುವುದು ಅವರಿಗೆ ಸಭ್ಯತೆಯಲ್ಲ. ನಮ್ಮ ಹಿರಿಯರಿಗಂತೂ ಸಭ್ಯತೆಯ ಜೊತೆ ಕಣ್ಣುಬೀಳುವ ಭಯವೂ ಇದೆ. ‘ಚೆನ್ನಾಗಿದೀರಾ’ ಎಂದರೆ ‘ಏನೋ, ದೇವರಿಟ್ಟಂಗೆ ಇದೀವಿ’ ಅನ್ನುವುದು ತುಂಬಿದ ಮನೆಯ ಯಜಮಾನಿಯ ಮಾತೂ ಹೌದು, ಒಂಟಿಯಾಗಿ ಕೊರಗುವವಳ ಮಾತೂ ಹೌದು. ಮಾಪಕಕ್ಕೆ ಎರಡೂ ಒಂದೇ.

ಇನ್ನು ಪ್ರಶ್ನೆ ಕೇಳುವ ಜಾಗ. ನೀವು ಬೆಲೆಯಿಲ್ಲದವರು ಅನ್ನಿಸುತ್ತದೆಯೇ ಎಂಬ ಪ್ರಶ್ನೆಯನ್ನು ಓದಲು ಬಾರದ, ಕಿವಿ ಕೇಳದ ಹಿರಿಯರಿಗೆ ಹೇಗೆ ಕೇಳುತ್ತೀರಿ? ಕೂಗಿಯೇ ಕೇಳಬೇಕು. ವಠಾರದ ಮನೆಯಲ್ಲಿ, ಅಡುಗೆಮನೆಯಲ್ಲಿ ಸೊಸೆ, ನಡುಮನೆಯಲ್ಲಿ ಟಿವಿ ಮುಂದೆ ಮಗ, ಬಾಗಿಲಲ್ಲಿ ಪಕ್ಕದ ಮನೆಯವರು. ಆ ತಾಯಿ ‘ಹೌದು’ ಎಂದರೆ ಮಗನ ಮಾನ ಹೋಯಿತು. ‘ನಮ್ಮಮ್ಮಂಗೇನು ಕಮ್ಮಿ ಮಾಡಿದೀವಿ’ ಎಂದು ಮಗನೇ ಉತ್ತರ ಕೊಟ್ಟುಬಿಡುತ್ತಾನೆ, ಅದೂ ಪ್ರೀತಿಯಿಂದಲೇ. ಗುಟ್ಟಾಗಿ ಉತ್ತರಿಸುವ ಕೋಣೆಯೊಂದು ಇದ್ದೇ ಇರುತ್ತದೆ ಎಂದುಕೊಂಡು ಮಾಡಿದ ಪ್ರಶ್ನೆಗಳಿವು. ನಮ್ಮ ಬಹಳಷ್ಟು ಹಿರಿಯರಿಗೆ ಅಂಥ ಕೋಣೆಯಿಲ್ಲ.

ಈಗ ದೇಹದ ಮಾತಿಗೆ ಬರುತ್ತೇನೆ. ನನ್ನ ಉಪನ್ಯಾಸದ ತಿರುಳು ಇಲ್ಲಿದೆ.

ದೇಹದ ದೂರುಗಳನ್ನು ಬಿಟ್ಟರೆ ವೃದ್ಧಾಪ್ಯವನ್ನು ಖಿನ್ನತೆಯೆಂದು ತಪ್ಪು ತಿಳಿಯುವುದು ತಪ್ಪುತ್ತದೆ ಎಂಬುದು ಸ್ಟ್ಯಾನ್‌ಫರ್ಡಿನವರ ತರ್ಕ. ಅಲ್ಲಿಗೆ ಅದು ಸರಿ. ಆದರೆ ನಮ್ಮಲ್ಲಿ ದುಃಖ ಹೊರಗೆ ಬರುವುದೇ ದೇಹದ ಬಾಗಿಲಿನಿಂದ. ‘ಮೈಯೆಲ್ಲ ಉರಿ’, ‘ಎದೆ ಮೇಲೆ ಕಲ್ಲಿಟ್ಟಂಗೆ’, ‘ತಲೆ ಭಾರ’, ‘ಹೊಟ್ಟೆಯೊಳಗೆ ಸಂಕಟ’, ‘ಊಟ ಸೇರಲ್ಲ’, ‘ನಿದ್ದೆ ಹತ್ತಲ್ಲ’, ‘ಕೈಕಾಲಲ್ಲಿ ಶಕ್ತೀನೇ ಇಲ್ಲ’. ಈ ಭಾಗದ ಯಾವುದೇ ಕ್ಲಿನಿಕ್ಕಿನ ಮುಂದೆ ಸಂಜೆ ಕುಳಿತರೆ ಈ ಮಾತುಗಳೇ ಕಿವಿಗೆ ಬೀಳುತ್ತವೆ. ಬಿ-ಕಾಂಪ್ಲೆಕ್ಸ್ ಬರೆಸಿಕೊಂಡು, ನೋವಿನ ಮಾತ್ರೆ ತೆಗೆದುಕೊಂಡು, ಮುಂದಿನ ತಿಂಗಳು ಮತ್ತೆ ಬರುತ್ತಾರೆ.

ಇದನ್ನು ನಮ್ಮ ಬೆಂಗಳೂರಿನಲ್ಲೇ ಎಚ್ಚರಿಕೆಯಿಂದ ಅಧ್ಯಯನ ಮಾಡಿದ್ದಾರೆ. ನಿಮ್ಹಾನ್ಸ್‌ನ ಆರ್. ರಘುರಾಮ್, ಎಸ್.ಎಂ. ಚನ್ನಬಸವಣ್ಣ ಮತ್ತು ಅವರ ಜೊತೆ ಮಿಚೆಲ್ ವೈಸ್ ಹೊರರೋಗಿಗಳನ್ನು ಮಾತಾಡಿಸಿದರು. ಸಿದ್ಧಪಟ್ಟಿಯನ್ನು ಮುಂದಿಡುವ ಬದಲು, ನಿಮಗೆ ಏನಾಗುತ್ತಿದೆ, ಅದನ್ನು ಏನೆಂದು ಕರೆಯುತ್ತೀರಿ, ಯಾಕೆ ಬಂತು ಅನ್ನಿಸುತ್ತದೆ, ಯಾರಿಗೆ ಹೇಳಿದ್ದೀರಿ, ಯಾರಿಂದ ಮುಚ್ಚಿಟ್ಟಿದ್ದೀರಿ ಎಂದು ಕೇಳುವ ಸಂದರ್ಶನ ಅವರದು. 1995ರಲ್ಲಿ ಪ್ರಕಟವಾದ ಬರಹ ಹೇಳಿದ್ದು: ವೈದ್ಯರ ಮಾನದಂಡದ ಸಂದರ್ಶನ ಖಿನ್ನತೆಯನ್ನು ಮುಂದೆ ಮಾಡಿದರೆ, ಅದೇ ರೋಗಿಗಳು ತಮ್ಮ ಮಾತಿನಲ್ಲಿ ಮುಂದೆ ಮಾಡಿದ್ದು ದೇಹದ ಸಂಕಟವನ್ನು. ಮರುವರ್ಷ, 1996ರಲ್ಲಿ, ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ 80 ರೋಗಿಗಳ ಅಧ್ಯಯನ ಬಂತು. ಕಳಂಕದ ಭಾವ ಹೆಚ್ಚಿದ್ದಲ್ಲಿ ಖಿನ್ನತೆಯ ಲಕ್ಷಣಗಳೂ ಹೆಚ್ಚಿದ್ದವು. ದೇಹದ ಲಕ್ಷಣಗಳ ವಿಷಯದಲ್ಲಿ ಇದು ತಿರುಗುಮುರುಗು. ಮೈನೋವು, ಸುಸ್ತು ಎಲ್ಲರಿಗೂ ಆಗಾಗ ಬರುವಂಥದ್ದು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಮನಸ್ಸಿನ ಕಾಯಿಲೆ ಅಂದರೆ ಮನೆತನಕ್ಕೆ, ಮದುವೆಯ ಮಾತುಕತೆಗಳಿಗೆ ಅಡ್ಡಿ.

ಮೊಮ್ಮಗಳಿಗೆ ಗಂಡು ನೋಡುತ್ತಿರುವ ಮನೆಯಲ್ಲಿ ಅಜ್ಜಿ ‘ಮನಸ್ಸು ಸರಿಯಿಲ್ಲ’ ಎನ್ನುವ ಬದಲು ‘ಸೊಂಟ ಹಿಡಿದಿದೆ’ ಎನ್ನುವುದು ಅಜ್ಞಾನದಿಂದಲ್ಲ. ಅವಳು ಯಾರನ್ನು ಕಾಪಾಡುತ್ತಿದ್ದಾಳೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ನಮ್ಮ ಜನಕ್ಕೆ ತಮ್ಮ ಭಾವನೆಗಳನ್ನು ಗುರುತಿಸಲು ಬರುವುದಿಲ್ಲ, ಅದಕ್ಕೇ ದೇಹದ ಮೇಲೆ ಹೇರುತ್ತಾರೆ ಎಂಬ ಹಳೆಯ ಪಾಠವನ್ನು ನಾನು ಒಪ್ಪುವುದಿಲ್ಲ. ವಿಶ್ವಾಸ ಬಂದ ಮೇಲೆ, ಒಬ್ಬರೇ ಇದ್ದಾಗ ಕೇಳಿದರೆ, ಸೊಂಟನೋವಿನ ತಾಯಿಯೇ ತನ್ನ ದುಃಖವನ್ನು ಎಳೆಎಳೆಯಾಗಿ ಹೇಳುತ್ತಾಳೆ. ಮೊದಲ ಐದು ನಿಮಿಷದಲ್ಲಿ, ಅಪರಿಚಿತರ ಮುಂದೆ, ಹೌದು–ಇಲ್ಲಗಳಲ್ಲಿ ಹೇಳುವುದಿಲ್ಲ, ಅಷ್ಟೆ.

ಚೀನಾದಲ್ಲೂ ಹೀಗೆಯೇ ಆಗಿತ್ತು. ಆರ್ಥರ್ ಕ್ಲೈನ್‌ಮನ್ 1980ರ ಹೊತ್ತಿಗೆ ಹುನಾನ್ ಪ್ರಾಂತ್ಯದಲ್ಲಿ, ನರದೌರ್ಬಲ್ಯವೆಂದು ಚಿಕಿತ್ಸೆ ಪಡೆಯುತ್ತಿದ್ದ 100 ಜನರನ್ನು ಪರೀಕ್ಷಿಸಿದಾಗ ಅಮೆರಿಕದ ಮಾನದಂಡದ ಪ್ರಕಾರ 87 ಜನಕ್ಕೆ ಖಿನ್ನತೆ ಇತ್ತು. ಇದೇ ಕ್ಲೈನ್‌ಮನ್ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟವರು: ಒಂದು ಸಮಾಜದಲ್ಲಿ ಹುಟ್ಟಿದ ರೋಗದ ಚೌಕಟ್ಟನ್ನು ಇನ್ನೊಂದರ ಮೇಲಿಟ್ಟು, ಅದಕ್ಕೆ ಹೊಂದಿದವರನ್ನು ಎಣಿಸಿ, ‘ನೋಡಿ, ಇಲ್ಲೂ ಇದೆ’ ಎಂದರೆ ಆ ಚೌಕಟ್ಟು ಇಲ್ಲಿಗೆ ಸರಿಹೊಂದುತ್ತದೆ ಎಂದು ಸಾಬೀತಾಗುವುದಿಲ್ಲ. ಚೌಕಟ್ಟಿನ ಹೊರಗೆ ಉಳಿದವರು ಎಷ್ಟು ಎಂಬುದು ತಿಳಿಯುವುದೇ ಇಲ್ಲ.

ಹಾಗಾದರೆ ದೇಹದ ಪ್ರಶ್ನೆಗಳನ್ನು ಮತ್ತೆ ಸೇರಿಸಿದರೆ ಸಾಕೇ? ಸಾಲದು. ಸಂಧಿವಾತ, ಸಕ್ಕರೆ ಕಾಯಿಲೆ, ಥೈರಾಯ್ಡ್, ರಕ್ತಹೀನತೆ ಇರುವವರೆಲ್ಲ ಆಗ ಪಟ್ಟಿಗೆ ಬರುತ್ತಾರೆ. ಮಂಡಿನೋವಿಗೂ ಎದೆಯ ಮೇಲಿನ ಕಲ್ಲಿಗೂ ಇರುವ ವ್ಯತ್ಯಾಸ ನಮ್ಮ ಹಿರಿಯರಿಗೇ ಗೊತ್ತು. ನೋವು ಒಂದು ಜಾಗದಲ್ಲಿ ನಿಲ್ಲುತ್ತದೆಯೇ ಅಥವಾ ದಿನಕ್ಕೊಂದು ಕಡೆ ಓಡಾಡುತ್ತದೆಯೇ, ಮಗಳು ಊರಿಂದ ಬಂದ ದಿನ ಕಡಿಮೆಯಾಗುತ್ತದೆಯೇ, ಬೆಳಗಿನ ಜಾವ ಎಚ್ಚರವಾದಾಗ ಹೆಚ್ಚೇ, ಮಾತ್ರೆಗೆ ಬಗ್ಗುತ್ತದೆಯೇ ಎಂದು ಕೇಳಬೇಕು. ಇಂಥ ಪ್ರಶ್ನೆಗಳು ನಮ್ಮ ಹಳೆಯ ಮನೆವೈದ್ಯರ ಬಾಯಲ್ಲಿದ್ದವು. ಮಾಪಕಗಳಿಗೆ ಅವು ಬರಲಿಲ್ಲ.

ಇನ್ನೊಂದು ಪ್ರಶ್ನೆಯ ಬಗ್ಗೆ ನಿಧಾನವಾಗಿ ಮಾತಾಡಬೇಕು. ಸತ್ತರೇ ವಾಸಿ ಅನ್ನಿಸುತ್ತದೆಯೇ ಎಂಬ ಪ್ರಶ್ನೆ ಇಂದು ಎಲ್ಲೆಡೆ ಬಳಕೆಯಲ್ಲಿರುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಮಾಪಕದಲ್ಲಿ ಕೊನೆಯದು. ನಮ್ಮ ಮನೆಗಳಲ್ಲಿ ‘ದೇವರು ಯಾವಾಗ ಕರ್ಕೋತಾನೋ’ ಎಂಬ ಮಾತು ಸಂಜೆಯ ಕಾಫಿಯ ಜೊತೆಗೂ ಬರುತ್ತದೆ. ಅನಾಯಾಸವಾದ ಮರಣವನ್ನು ಬೇಡುವುದು ಪ್ರಾರ್ಥನೆಯ ಭಾಗ. ಮುತ್ತೈದೆಯಾಗಿ ಹೋಗಬೇಕು, ಯಾರ ಕೈಯಲ್ಲೂ ಮಾಡಿಸಿಕೊಳ್ಳದೆ ಹೋಗಬೇಕು ಎಂದು ಗಟ್ಟಿಮುಟ್ಟಾಗಿರುವವರೂ ಹೇಳುತ್ತಾರೆ. ಇವರನ್ನೆಲ್ಲ ಆತ್ಮಹತ್ಯೆಯ ಅಪಾಯದವರು ಎಂದು ಬರೆದುಕೊಂಡರೆ ಮಾಪಕ ತಪ್ಪಿತು.

ಆದರೆ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಎಲ್ಲ ಹಿರಿಯರೂ ಹೀಗೆ ಹೇಳುತ್ತಾರೆ, ಇದು ನಮ್ಮ ಸಂಸ್ಕೃತಿ, ವೈರಾಗ್ಯ ಎಂದು ಕಿವಿ ಮುಚ್ಚಿಕೊಳ್ಳುವುದು. ಸಂಸ್ಕೃತಿಯ ಹೆಸರಿನಲ್ಲಿ ನಾವು ಮಾಡುವ ಪಕ್ಷಪಾತ ಇದು. ಯಾವ ವಿದೇಶಿ ಮಾಪಕವೂ ನಮಗಿದನ್ನು ಕಲಿಸಲಿಲ್ಲ. ‘ವಯಸ್ಸಾಯ್ತಲ್ಲ, ಇನ್ನೇನು’ ಎಂಬ ಒಂದು ಮಾತಿನಿಂದ ಎಷ್ಟೋ ಖಿನ್ನತೆಗಳಿಗೆ ಚಿಕಿತ್ಸೆ ಸಿಗದೇ ಹೋಗುತ್ತದೆ. ಇಳಿವಯಸ್ಸಿನ ಖಿನ್ನತೆಗೆ ಔಷಧಿ ಕೆಲಸ ಮಾಡುತ್ತದೆ, ಮಾತಿನ ಚಿಕಿತ್ಸೆ ಕೆಲಸ ಮಾಡುತ್ತದೆ, ಜೊತೆ ಕೆಲಸ ಮಾಡುತ್ತದೆ. ಮರೆವಿನ ಕಾಯಿಲೆ ಎಂದುಕೊಂಡದ್ದು ಕೆಲವೊಮ್ಮೆ ಖಿನ್ನತೆಯೇ ಆಗಿರುತ್ತದೆ, ಗುಣವಾಗುತ್ತದೆ. ಬಿಟ್ಟುಕೊಟ್ಟು ಹಗುರಾದವರಿಗೂ ಕಳೆದುಕೊಂಡು ಕುಸಿದವರಿಗೂ ವ್ಯತ್ಯಾಸವಿದೆ. ಗುರುತಿಸಲು ಎರಡನೆಯ ಪ್ರಶ್ನೆ ಬೇಕು. ಈ ಮಾತನ್ನು ಯಾವಾಗಿಂದ ಆಡುತ್ತಿದ್ದಾರೆ? ಯಾರ ಮುಂದೆ ಆಡುತ್ತಾರೆ, ಎಲ್ಲರ ಮುಂದೆಯೋ ಒಬ್ಬರೇ ಇದ್ದಾಗಲೋ? ಆಡಿದ ಮೇಲೆ ಊಟ ಮಾಡುತ್ತಾರೆಯೇ? ಪೂಜೆ, ಭಜನೆಯಲ್ಲಿ ಮನಸ್ಸು ನಿಲ್ಲುತ್ತದೆಯೇ ಅಥವಾ ಅದೂ ಬೇಡವಾಗಿದೆಯೇ? ಮಾತ್ರೆಗಳನ್ನು ಕೂಡಿಡುತ್ತಿದ್ದಾರೆಯೇ? ‘ಭೂಮಿಗೆ ಭಾರ ಆಗಿದೀನಿ’ ಎಂದಾಗ ಅದರ ಹಿಂದೆ ಮನೆಯಲ್ಲಿ ಯಾರೋ ಆಡಿದ ಮಾತು ಇದೆಯೇ? ಈ ಕೊನೆಯ ಪ್ರಶ್ನೆಗೆ ಹೌದೆಂದು ಉತ್ತರ ಬಂದರೆ ಅದು ಮನೋವೈದ್ಯರಿಗಷ್ಟೇ ಬಿಡುವ ವಿಷಯವಲ್ಲ. ಬೆಂಗಳೂರು ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಲ್ಲಿ ಸೇರಿ ಆರಂಭಿಸಿದ ಹಿರಿಯರ ಸಹಾಯವಾಣಿ 1090 ಇಂಥದ್ದಕ್ಕೇ ಇರುವುದು.

ಅಂಕಗಳನ್ನು ನಂಬಿ ನೀತಿ ರೂಪಿಸುವವರಿಗಾಗಿ ಒಂದು ಊಹೆಯ ಲೆಕ್ಕ. ಒಂದು ಬಡಾವಣೆಯಲ್ಲಿ 1,000 ಹಿರಿಯರು, ನಿಜವಾಗಿ ಖಿನ್ನತೆ ಇರುವವರು 100 ಎಂದಿಟ್ಟುಕೊಳ್ಳಿ. ಮಾಪಕ ಇರುವವರಲ್ಲಿ ಶೇ. 80 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ. 80 ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಹಿಡಿದವರು 80, ತಪ್ಪಾಗಿ ಹಿಡಿದವರು 180. ಪಟ್ಟಿಗೆ ಬಂದ 260 ಜನರಲ್ಲಿ ಮೂರನೇ ಎರಡರಷ್ಟು ಜನಕ್ಕೆ ಖಿನ್ನತೆ ಇಲ್ಲ, ಮತ್ತು 20 ಜನ ಸಂಕಟದಲ್ಲಿರುವವರು ಮನೆಯಲ್ಲೇ ಉಳಿದರು. ಆ 20 ಜನ ಯಾರು? ಸಂಸ್ಕೃತಿಯ ಪಕ್ಷಪಾತ ಮುಖ್ಯವಾಗುವುದು ಇಲ್ಲಿ. ತಪ್ಪುಗಳು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಓದದವರು, ವಿಧವೆಯರು, ಮಾತು ಕಡಿಮೆಯವರು, ಮಾಪಕದ ಕನ್ನಡ ಮನೆಮಾತಲ್ಲದವರು, ಇವರ ಮೇಲೆಯೇ ಹೆಚ್ಚು ಬೀಳುತ್ತವೆ.

ಬೇರೆ ದಾರಿ ಇದೆಯೇ? ಕನ್ನಡ ನೆಲದಲ್ಲೇ ಇದೆ, ಅರ್ಧ ಶತಮಾನದ ಹಿಂದಿನದು. ಶಿವರಾಮ ಕಾರಂತರು ಹುಟ್ಟಿದ ಕೋಟದಲ್ಲಿ, 1970ರ ದಶಕದ ಆರಂಭದಲ್ಲಿ, ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಮಾನಸಿಕ ಆರೋಗ್ಯದ ಸಮೀಕ್ಷೆ ಮಾಡಿದರು. ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನೆಗಳಲ್ಲಿ ಮಾತಾಡಿದರು. ಜನ ತಮ್ಮ ಸಂಕಟವನ್ನು ವೈದ್ಯರಿಗೆ, ಮಂತ್ರವಾದಿಗಳಿಗೆ, ದೈವದ ಪಾತ್ರಿಗಳಿಗೆ ಹೇಗೆ ಹೇಳಿಕೊಳ್ಳುತ್ತಾರೆ ಎಂಬುದನ್ನೂ ಗಮನಿಸಿದರು. ಪಶ್ಚಿಮದ ಸಿದ್ಧ ಪಟ್ಟಿಯನ್ನು ಹೊತ್ತು ತರುವ ಬದಲು ಆರ್.ಎಲ್. ಕಪೂರ್, ಮಾಲವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಸೇರಿ ಇಲ್ಲಿಗೆ ಹೊಂದುವ ಸಂದರ್ಶನ ಕ್ರಮವನ್ನೇ ಕಟ್ಟಿ 1974ರಲ್ಲಿ ಪ್ರಕಟಿಸಿದರು. ರೋಗದ ಹೆಸರನ್ನು ಹಚ್ಚುವ ಆತುರ ಅದರಲ್ಲಿಲ್ಲ. ಲಕ್ಷಣಗಳನ್ನು ಒಂದೊಂದಾಗಿ ಕೇಳುವುದು, ದಿನದ ಬದುಕು ಎಷ್ಟು ಕೆಟ್ಟಿದೆ ಎಂದು ನೋಡುವುದು. 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ ಬಂತು. ಅದು ಹಿರಿಯರಿಗೆಂದೇ ಮಾಡಿದ್ದಲ್ಲ, ಕರಾವಳಿಯ ಕನ್ನಡ ಮಾಗಡಿ ರಸ್ತೆಯ ಕನ್ನಡವೂ ಅಲ್ಲ. ಆದರೆ ಕೆಲಸದ ಕ್ರಮ ಅಲ್ಲಿದೆ: ಮೊದಲು ಜನರ ಮಾತು, ಆಮೇಲೆ ಪ್ರಶ್ನೆ.

ಜಿಂಬಾಬ್ವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 1997ರಲ್ಲಿ ಶೋನಾ ಭಾಷೆಯ ಜನರ ಮಾತಿನಿಂದಲೇ 14 ಪ್ರಶ್ನೆಗಳ ಪಟ್ಟಿ ಮಾಡಿದ್ದೂ ಹೀಗೆಯೇ. ‘ಯೋಚನೆ ಜಾಸ್ತಿಯಾಗಿದೆ’ ಎಂದು ಅಲ್ಲಿನವರು ಹೇಳುತ್ತಾರೆ, ನಮ್ಮ ಹಿರಿಯರ ಹಾಗೆಯೇ. ಆ ಪಟ್ಟಿಯನ್ನು ಹಿಡಿದು ಡಿಕ್ಸನ್ ಚಿಬಾಂಡಾ ಅವರ ಯೋಜನೆಯಲ್ಲಿ ಆರೋಗ್ಯ ಕೇಂದ್ರದ ಹೊರಗಿನ ಬೆಂಚುಗಳ ಮೇಲೆ ಜನರ ಕಷ್ಟ ಕೇಳುತ್ತಿರುವವರು ತರಬೇತಿ ಪಡೆದ ಅಜ್ಜಿಯರು. ಮರೆವಿನ ಪರೀಕ್ಷೆಯಲ್ಲಿ ನಮ್ಮ ದೇಶದಲ್ಲೇ ಮೇರಿ ಗಂಗೂಲಿ ಮತ್ತು ಸಂಗಡಿಗರು ಹರಿಯಾಣದ ಬಲ್ಲಭಗಢದಲ್ಲಿ ಓದದ ಹಿರಿಯರಿಗೆ ಹೊಂದುವಂತೆ ಪ್ರಶ್ನೆಗಳನ್ನು ಬದಲಿಸಿ 1995ರಲ್ಲಿ ಪ್ರಕಟಿಸಿದರು. ಆಗುವುದಿಲ್ಲ ಎಂಬ ಮಾತಿಗೆ ಇನ್ನು ಜಾಗವಿಲ್ಲ.

ನಮ್ಮ ಬೀದಿಗಳಲ್ಲಿ ಇವತ್ತು ಈ ಪ್ರಶ್ನೆ ಕೇಳುವವರು ಆಶಾ ಕಾರ್ಯಕರ್ತೆಯರು. ಅವರು ತುಂಬುವ ಸಮುದಾಯ ತಪಾಸಣಾ ಪಟ್ಟಿಯಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆಗಳಿವೆ: ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದೆ ಇದ್ದದ್ದು ಎಷ್ಟು ದಿನ, ಮನಸ್ಸು ಕುಗ್ಗಿದ್ದು ಎಷ್ಟು ದಿನ. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ. ಒಟ್ಟು ಮೂರು ದಾಟಿದರೆ ಮುಂದಿನವರಿಗೆ ಕಳುಹಿಸಬೇಕು. ಇರಲಿ, ಎರಡಾದರೂ ಪ್ರಶ್ನೆ ಮನೆ ಬಾಗಿಲಿಗೆ ಬಂತಲ್ಲ ಎಂದು ನನಗೆ ಸಮಾಧಾನವಿದೆ. ಆದರೆ ‘ಅರ್ಧಕ್ಕಿಂತ ಹೆಚ್ಚು ದಿನ’ ಎಂಬ ಲೆಕ್ಕದಲ್ಲಿ ನಮ್ಮ ಹಿರಿಯರು ದುಃಖವನ್ನು ನೆನಪಿಟ್ಟುಕೊಳ್ಳುವುದಿಲ್ಲ. ‘ಅಮಾವಾಸ್ಯೆಯಿಂದ ಈಚೆಗೆ’, ‘ಅವರ ತಿಥಿ ಆದಮೇಲೆ’, ‘ಮಗ ವಾಪಸ್ ಹೋದಾಗಿನಿಂದ’ ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಆಶಾ ತಾಯಂದಿರಿಗೆ ಇದು ಗೊತ್ತು. ಪ್ರಶ್ನೆಯನ್ನು ಹಾಗೆ ಬದಲಿಸಿ ಕೇಳಲು ಅವರಿಗೆ ಅನುಮತಿಯೂ ಹೆಚ್ಚಿನ ಸಮಯವೂ ತಕ್ಕ ಸಂಭಾವನೆಯೂ ಬೇಕು. ಬಾಣಂತಿಯರನ್ನು, ಮಕ್ಕಳ ಚುಚ್ಚುಮದ್ದನ್ನು ನೋಡಿಕೊಳ್ಳುವವರ ತಲೆಯ ಮೇಲೆ ಇದನ್ನೂ ಹೊರಿಸಿ ಅಂಕ ತಪ್ಪಾಯಿತೆಂದು ಅವರನ್ನು ದೂರುವುದು ಅನ್ಯಾಯ.

ಪಟ್ಟಿಗೆ ಬಂದ ಮೇಲೆ ಮುಂದೇನು ಎಂಬುದೂ ಸ್ಪಷ್ಟವಾಗಿರಬೇಕು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡುತ್ತಾರೆ. ಮೊಬೈಲು ಮಗನ ಕೈಯಲ್ಲಿರುವ ತಾಯಿಗೆ ಅದು ಸಾಲದು. ಬೀದಿಯ ‘ನಮ್ಮ ಕ್ಲಿನಿಕ್’ನಲ್ಲಿ ವಾರಕ್ಕೊಂದು ಮಧ್ಯಾಹ್ನ ಹಿರಿಯರನ್ನು ಒಬ್ಬೊಬ್ಬರನ್ನಾಗಿ, ಮಕ್ಕಳನ್ನು ಹೊರಗೆ ಕೂರಿಸಿ, ಮಾತಾಡಿಸುವ ವ್ಯವಸ್ಥೆ ಬೇಕು. ಹಾಗೆ ಮಾತಾಡಿಸುವವರು ಮೊದಲು ಕೇಳಬೇಕಾದ್ದು ಸೊಂಟನೋವನ್ನೇ.

ಕೊನೆಯದಾಗಿ, ಈ ದತ್ತಿಯ ಸಮಿತಿಗೆ ನನ್ನದೊಂದು ಕೋರಿಕೆ. ಮುಂದಿನ ವರ್ಷ ಇನ್ನೊಬ್ಬ ಉಪನ್ಯಾಸಕರನ್ನು ಕರೆಯುವುದರ ಜೊತೆಗೆ, ಬಡ್ಡಿಯ ಸ್ವಲ್ಪ ಭಾಗವನ್ನು ಒಂದು ಧ್ವನಿಮುದ್ರಣದ ಕೆಲಸಕ್ಕೆ ಕೊಡಿ. ಹಂಪಿನಗರದ ಗ್ರಂಥಾಲಯದಲ್ಲಿ ಪತ್ರಿಕೆ ಓದಲು ಬರುವ ತಾತಂದಿರು, ದೇವಸ್ಥಾನದ ಜಗಲಿಯ ಮೇಲೆ ಹೂ ಕಟ್ಟುವ ಅಜ್ಜಿಯರು, ಕೆಂಗೇರಿಯ ಹಳೆಯ ಊರಿನವರು, ಹುಬ್ಬಳ್ಳಿ–ಕಲಬುರಗಿಯ ಕಡೆಯಿಂದ ಮಕ್ಕಳ ಜೊತೆ ಇಲ್ಲಿಗೆ ಬಂದು ಭಾಷೆಯ ಧಾಟಿಯೇ ಬೇರೆಯಾಗಿ ಒಂಟಿಯಾದವರು, ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವವರು ತಮ್ಮ ಬೇಸರವನ್ನು, ಸಂಕಟವನ್ನು, ಸಮಾಧಾನವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದನ್ನು ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಸಂಗ್ರಹಿಸೋಣ. ಅದರಿಂದ ಪ್ರಶ್ನೆಗಳು ಹುಟ್ಟಲಿ. ಪ್ರತಿ ಪ್ರಶ್ನೆಯನ್ನೂ ಮತ್ತೆ ಅವರಿಗೇ ಕೇಳಿ, ‘ಇದನ್ನು ಕೇಳಿದಾಗ ನಿಮಗೆ ಏನು ಕೇಳಿದಂಗಾಯ್ತು’ ಎಂದು ವಿಚಾರಿಸೋಣ. ಅಂಕ ತಿಳಿಯದ ಮನೋವೈದ್ಯರು ಅದೇ ಜನರನ್ನು ಬೇರೆಯಾಗಿ ಮಾತಾಡಿಸಲಿ. ಎರಡನ್ನೂ ಹೋಲಿಸಿ ಗಂಡಸರಿಗೆ, ಹೆಂಗಸರಿಗೆ, ಓದಿದವರಿಗೆ, ಓದದವರಿಗೆ ಗಡಿಯ ಅಂಕ ಒಂದೇ ಇರಬೇಕೇ ಎಂದು ನೋಡಲಿ. ಫಲಿತಾಂಶವನ್ನು ಕನ್ನಡದಲ್ಲೇ ಪ್ರಕಟಿಸೋಣ. ಒಪ್ಪಿಗೆ ಪತ್ರದ ಕರಡನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ತಂದಿದ್ದೇನೆ. ಸಭೆ ಮುಗಿದ ಮೇಲೆ ಅಧ್ಯಕ್ಷರ ಕೈಗೆ ಕೊಡುತ್ತೇನೆ. ಈ ಭಾಗದ ಹಿರಿಯರು ಯಾರಾದರೂ ಓದಿ, ಅರ್ಥವಾಗದ ಸಾಲುಗಳಿಗೆ ಗುರುತು ಹಾಕಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.